ಮಾಮಾನ ದಮ್ಮಿನ ಪುಡಿ

ನನ್ನ ಕೆನ್ನೆ, ಕುತ್ತಿಗೆ, ಬೆನ್ನಿನ ಮೇಲೆ ಕುಳಿಬಿದ್ದ ಕಲೆಗಳಿವೆ. ಶಾಲೆಯ ಮಕ್ಕಳು "ಟೀಚರ್, ಇವೇನ್ರಿ?" ಎಂದು ಕೇಳುತ್ತಾರೆ. "ನಾ ಓದುವಾಗ ಮೈಮ್ಯಾಲ ತಾಯಿ ಬಂದಿದ್ದಳು" ಎನ್ನುತ್ತೇನೆ. ಮಕ್ಕಳಿಗೆ ಅಷ್ಟು ಸಾಕು. ದೊಡ್ಡವರಿಗೆ ಸಾಲುವುದಿಲ್ಲ. ಅವರಿಗೆ ನನ್ನ ತಂಗಿ ಗಂಗವ್ವನೂ ಗೊತ್ತು. ಅದೇ ಬೇಸಿಗೆಯಲ್ಲಿ, ಅದೇ ಮನೆಯಲ್ಲಿ, ನನಗಿಂತ ಮೊದಲೇ ಅವಳಿಗೆ ಸೀತಾಳ ಸಿಡುಬು ಬಂದಿತ್ತು. ಅವಳ ಮುಖ ಈಗಲೂ ತೊಳೆದಿಟ್ಟ ತಟ್ಟೆಯ ಹಾಗಿದೆ. ಅವಳಿಗೆ ಆಟವಾಗಿ ಹೋದದ್ದು ನನ್ನನ್ನು ಮಾತ್ರ ಸಾವಿನ ತನಕ ಯಾಕೆ ಒಯ್ದಿತು?

ಇದಕ್ಕೆ ಊರವರು ಕೊಟ್ಟ ಉತ್ತರಗಳನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿವೆ. ಹಾಸ್ಟೆಲ್ಲಿನಲ್ಲಿ ಮಡಿ ಮೈಲಿಗೆ ನೋಡಲಿಲ್ಲ, ತಾಯಿಗೆ ಹರಕೆ ಹೊತ್ತು ಮರೆತಳು, ಓದಿದ ಸೊಕ್ಕು, ಹೀಗೆ. ಆ ಹಾಸಿಗೆಯಲ್ಲಿ ಮಲಗಿದ್ದಾಗ ನಾನೂ ನಂಬಿದ್ದೆ, ನಾನೇನೋ ಪಾಪ ಮಾಡಿದ್ದೇನೆ ಎಂದು. ಅಂಥ ಹಾಸಿಗೆಯಲ್ಲಿ ಈಗ ಯಾರಾದರೂ ಮಲಗಿದ್ದರೆ ಅವರಿಗೆ ಹೇಳಬೇಕೆಂದೇ ಬರೆಯುತ್ತಿದ್ದೇನೆ. ನಾನು ಪಾಪ ಮಾಡಿರಲಿಲ್ಲ. ನಾನು ಒಬ್ಬರನ್ನು ನಂಬಿದ್ದೆ, ಅಷ್ಟೆ.

ನಮ್ಮದು ದೇವದುರ್ಗ. ಅಪ್ಪ ಅವ್ವ ಕೂಲಿಯವರು. ಹತ್ತಿಯ ಕಾಲದಲ್ಲಿ ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಗಳಿಗೆ ದುಡಿಯಲು ಹೋಗುತ್ತಿದ್ದರು, ನಮ್ಮನ್ನೂ ಕಟ್ಟಿಕೊಂಡು. ಹತ್ತಿಯ ರಾಶಿಯ ಮೇಲೆ ಹೊರಳಾಡಿ ಬೆಳೆದವಳು ನಾನು. ಗಂಗವ್ವನಿಗೆ ಅದರಿಂದ ಏನೂ ಆಗಲಿಲ್ಲ. ನನಗೆ ದಮ್ಮು ಹತ್ತಿಕೊಂಡಿತು. ಮೋಡ ಹಾಕಿದರೆ ಸಾಕು, ಎದೆಯೊಳಗೆ ಬೆಕ್ಕಿನ ಮರಿ ಕೂತಂತೆ ಕುಂಯ್ ಕುಂಯ್ ಎನ್ನುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ.

ಆಗೆಲ್ಲ ನಮ್ಮ ಕೇರಿಯವರು ದವಾಖಾನೆಗೆ ಹೋದರೆ ಹೊರಗಿನ ಮೆಟ್ಟಿಲ ಬಳಿಯೇ ನಿಲ್ಲಬೇಕಿತ್ತು. ದೂರದಿಂದಲೇ ಏನೆಂದು ಕೇಳಿ, ಕಾಗದದಲ್ಲಿ ಗುಳಿಗೆ ಸುತ್ತಿ ಕಟ್ಟೆಯ ಮೇಲೆ ಇಡುತ್ತಿದ್ದರು. ಮೈ ಮುಟ್ಟಿ ನೋಡುವ ಮಾತೇ ಇರಲಿಲ್ಲ. ಹೀಗಾಗಿ ಅವ್ವನ ತಮ್ಮ ದುರುಗಪ್ಪ ಮಾಮ ಮಾನ್ವಿಯಲ್ಲಿ ಸ್ವಂತ ಔಷಧದ ಅಂಗಡಿ ಹಾಕಿದಾಗ ನಮ್ಮವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವನು ರಾಯಚೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಬಹಳ ವರ್ಷ ಕಂಪೌಂಡರ್ ಆಗಿದ್ದವನು. ಬಿಳಿ ಪ್ಯಾಂಟು, ಕೊರಳಲ್ಲಿ ಎದೆ ಕೇಳುವ ನಳಿಗೆ. ಎಂಥವರು ಬಂದರೂ ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದು, ನಾಲಿಗೆ ತೆಗೆಸಿ ನೋಡುತ್ತಿದ್ದ. ಮಲ್ಲಟ, ಕಲ್ಲೂರು, ಚೀಕಲಪರ್ವಿಯ ತನಕ ಅವನ ಹೆಸರು ಹಬ್ಬಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮಗೆ ಮಾತ್ರ ಹಿತ್ತಲ ಗಿಡವೇ ಮದ್ದು, ಅದೇ ನೆರಳು.

ದಮ್ಮಿಗೆ ಅವನದೇ ಒಂದು ಪುಡಿ ಇತ್ತು. ಕಂದು ಬಣ್ಣ, ಬಾಯಿ ಕಿತ್ತುಹೋಗುವಂಥ ಕಹಿ. ಜೇನಿನಲ್ಲಿ ಕಲಸಿ ಬೆಳಗ್ಗೆ ನೆಕ್ಕಬೇಕು. "ಎಲ್ಲಾ ಗಿಡಮೂಲಿಕಿ. ಆಡುಸೋಗಿ, ಹಿಪ್ಪಲಿ, ಶುಂಠಿ. ಏನೂ ಫಿಕರ್ ಮಾಡಬ್ಯಾಡಕ್ಕ" ಎಂದು ಅವ್ವನಿಗೆ ಹೇಳಿದ. ಪುಡಿ ಶುರುಮಾಡಿದ ವಾರದೊಳಗೆ ನಾನು ಮೊದಲ ಸಲ ಅಂಗಾತ ಮಲಗಿ ನಿದ್ದೆ ಮಾಡಿದೆ. ಎದ್ದು ನೋಡಿದರೆ ಅವ್ವ ತಲೆದೆಸೆಯಲ್ಲಿ ಕೂತು ಅಳುತ್ತಿದ್ದಳು. ನನ್ನ ಎದೆಯ ಸದ್ದು ನಿಂತಿದ್ದಕ್ಕೆ ಹೆದರಿದ್ದಳಂತೆ, ಸತ್ತೇಹೋದಳೋ ಏನೋ ಎಂದು.

ಮಾಮನ ಕಟ್ಟಪ್ಪಣೆ ಒಂದೇ. "ಒಂದು ದಿನಾನೂ ಬಿಡಬಾರದು." ಒಮ್ಮೆ ಪೊಟ್ಟಣ ತೀರಿಹೋಗಿ ಅವ್ವ ತಡಮಾಡಿದಳು. ಆ ಸುದ್ದಿ ತಿಳಿದು ಮಾಮ ಬಸ್ಸಿನ ಕಂಡಕ್ಟರನ ಕೈಯಲ್ಲಿ ಪುಡಿ ಕಳಿಸಿದ, ಮುಂದಿನ ಬಸ್ಸಿಗೆ ತಾನೇ ಬಂದಿಳಿದ. "ನಿನಗ ಬುದ್ಧಿ ಅದ ಏನಕ್ಕ? ಒಮ್ಮಿಗೇ ಬಿಟ್ರ ಜೀವಕ್ಕ ಅಪಾಯ ಅದ" ಎಂದು ಕೇರಿಗೆಲ್ಲ ಕೇಳುವಂತೆ ಬೈದ. ಎಷ್ಟು ಪ್ರೀತಿ ನೋಡು ತಮ್ಮಂದು ಎಂದು ಅವ್ವ ಕಣ್ಣು ಒರೆಸಿಕೊಂಡಳು.

ಪುಡಿ ತಿನ್ನುತ್ತ ತಿನ್ನುತ್ತ ನಾನು ದುಂಡಗಾದೆ. ಕೆನ್ನೆ ಉಬ್ಬಿತು, ಗದ್ದ ಎರಡಾಯಿತು. ಹಸಿವು ಎಂದರೆ ಹಸಿವು, ರೊಟ್ಟಿ ಬುಟ್ಟಿಯೇ ಸಾಲುತ್ತಿರಲಿಲ್ಲ. "ಹುಲಿಗೆವ್ವ ಮೈಕೈ ತುಂಬಿಕೊಂಡಾಳ, ಇನ್ನ ವರ ನೋಡಬೇಕವ್ವ" ಎಂದು ಹೆಂಗಸರು ನನ್ನ ಗಲ್ಲ ಹಿಂಡುತ್ತಿದ್ದರು. ಕೈಕಾಲು ಮಾತ್ರ ತೆಳ್ಳಗಾಗುತ್ತಿದ್ದವು, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆಗಳು ಬಿದ್ದಿದ್ದವು. ಮದುವೆಯಾಗದ ಹುಡುಗಿ ಹೊಟ್ಟೆಯ ಮೇಲಿನ ಗೆರೆ ಯಾರಿಗೆ ತೋರಿಸುತ್ತಾಳೆ? ಸೀರೆ ಬಿಗಿದು ಕಟ್ಟಿ ಮುಚ್ಚಿಕೊಂಡೆ. ದಮ್ಮು ಇಲ್ಲವಾದ ಮೇಲೆ ನಾನು ಓದಿದೆ, ರಾಯಚೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಮಾಸ್ತರಿಕೆಯ ತರಬೇತಿಗೆ ಸೇರಿದೆ. ನಮ್ಮ ಮನೆತನದಲ್ಲಿ ಅಲ್ಲಿಯ ತನಕ ಕಾಲಿಟ್ಟವಳು ನಾನೇ ಮೊದಲು. ಅದೆಲ್ಲ ಮಾಮನ ಪುಣ್ಯ ಎಂದು ಮನಸಾರೆ ನಂಬಿದ್ದೆ.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ರಜೆಗೆ ಊರಿಗೆ ಬಂದಾಗ ಗಂಗವ್ವನ ಮೈಮೇಲೆ ನೀರುಗುಳ್ಳೆ ಎದ್ದಿದ್ದವು. ದೊಡ್ಡ ಸಿಡುಬು ಅಷ್ಟೊತ್ತಿಗೆ ನಾಡು ಬಿಟ್ಟು ಹೋಗಿತ್ತು. ಇದು ಸಣ್ಣ ತಾಯಿ, ಯಾರೂ ಅಂಜಬೇಕಿಲ್ಲ ಎಂದರು. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದರು. ಮನೆಯಲ್ಲಿ ಒಗ್ಗರಣೆ ಇಲ್ಲ, ತಲೆ ಬಾಚುವಂತಿಲ್ಲ, ಚಪ್ಪಲಿ ಒಳಗೆ ಬರುವಂತಿಲ್ಲ. ಗಂಗವ್ವ ಮೊಸರನ್ನ ಉಂಡು, ಬೇವಿನ ಸೊಪ್ಪಿನಿಂದ ತುರಿಸಿಕೊಳ್ಳುತ್ತ, ಚೌಕಾಬಾರ ಆಡುತ್ತ ಮಲಗಿದ್ದಳು. ಅವಳ ಹಕ್ಕಳೆ ಉದುರುವ ಹೊತ್ತಿಗೆ ನನಗೆ ಜ್ವರ ಬಂತು.

ಗುಳ್ಳೆ ಕಂಡ ಬೆಳಗ್ಗೆ ಅವ್ವ ಮಾಡಿದ ಮೊದಲ ಕೆಲಸ, ಪುಡಿಯ ಡಬ್ಬಿಯನ್ನು ಮೇಲೆತ್ತಿ ಅಟ್ಟದ ಮೇಲೆ ಇಟ್ಟದ್ದು. ತಾಯಿ ಮೈಮೇಲಿದ್ದಾಗ ಯಾವ ಔಷಧವೂ ಹೊಟ್ಟೆಗೆ ಹೋಗಬಾರದು. ಅವಳಿರುವಾಗ ಇನ್ನೊಬ್ಬರ ಮದ್ದು ತಿಂದರೆ ಅವಳನ್ನು ಅವಮಾನ ಮಾಡಿದ ಹಾಗೆ. ನಮ್ಮ ಕಡೆ ಇದರಲ್ಲಿ ಎರಡು ಮಾತಿಲ್ಲ. ಆದರೂ ಅವ್ವನಿಗೆ ತಮ್ಮನ ಮಾತು ನೆನಪಿತ್ತು. ಕೇಳೋಣವೆಂದು ಮಾನ್ವಿಗೆ ಹೇಳಿ ಕಳಿಸಿದಳು.

ಮಾಮ ಬಂದ. ಒಳಗೆ ಬರಲಿಲ್ಲ, ಬೇವಿನ ತೊಪ್ಪಲಿನ ಆಚೆ ಚಪ್ಪಲಿ ಬಿಟ್ಟು ನಿಂತ. ಕೇರಿಯ ಹಿರಿಯರು, ಹೆಂಗಸರು ಎಲ್ಲ ಕಟ್ಟೆಯ ಮೇಲೆ ಇದ್ದರು. ಚಾಪೆಯ ಮೇಲಿಂದ ನನಗೆ ಎಲ್ಲವೂ ಕಾಣುತ್ತಿತ್ತು, ಕೇಳಿಸುತ್ತಿತ್ತು.

"ಪುಡಿ ನಿಲ್ಲಿಸೀನಪ್ಪ. ಒಂದು ದಿನಾನೂ ಬಿಡಬಾರದು ಅಂದಿದ್ದಿ. ಏನ್ ಮಾಡ್ಲಿ?" ಎಂದಳು ಅವ್ವ.

ಮಾಮ ಕಟ್ಟೆಯ ಮೇಲಿನ ಜನರ ಕಡೆ ತಿರುಗಿ ನೋಡಿದ. ಕಟ್ಟೆಯ ಮೇಲಿನ ಮುದುಕಿಯೊಬ್ಬಳು, "ಅದೇನು ಕೇಳ್ತಿ ಬೇ? ತಾಯಿ ಮುಂದ ಯಾರ ಔಷಧಿ?" ಎಂದು ಗದರಿದಳು.

"ಹೌದಕ್ಕ" ಎಂದ ಮಾಮ, ಬಾಗಿಲಿಗೆ ಕೈಮುಗಿಯುತ್ತ. "ತಾಯಿ ಇರೂತನ ಬ್ಯಾಡ. ನಂದು ಬರೇ ಬೇರಿನ ಪುಡಿ. ಬಿಟ್ರ ಏನಾಗ್ತದ?"

ಆಗ ನನಗೆ ಅದು ವಿಚಿತ್ರವೆನಿಸಲಿಲ್ಲ. ದೇವರಿಗೆ ತಲೆಬಾಗಿದ್ದಾನೆ ಎಂದುಕೊಂಡೆ.

ಆಮೇಲಿನದು ತುಂಡುತುಂಡಾಗಿ ನೆನಪಿದೆ. ಗುಳ್ಳೆಗಳು ಗಂಗವ್ವನವಂತೆ ನೀರಾಗಲಿಲ್ಲ, ಕಪ್ಪುಗೆಂಪಾಗಿ ರಕ್ತ ತುಂಬಿಕೊಂಡವು. ಬಾಯೊಳಗೆ, ಗಂಟಲೊಳಗೆ ಎದ್ದವು. ನೀರು ಕುಡಿದರೂ ವಾಂತಿ. ಎದ್ದು ಕೂತರೆ ಕಣ್ಣು ಕತ್ತಲೆ. ಕೊನೆಗೆ ಉಸಿರು ಹತ್ತಿತು. ಅದು ದಮ್ಮಿನ ಕುಂಯ್ ಕುಂಯ್ ಅಲ್ಲ, ಎದೆಯ ಮೇಲೆ ಹತ್ತಿಯ ಅಂಡಿಗೆ ಹೇರಿಟ್ಟ ಹಾಗೆ. ಬಂದುಹೋಗುವವರು ಬಾಗಿಲಲ್ಲೇ ನಿಂತು ತಮ್ಮ ತಮ್ಮ ಲೆಕ್ಕ ಹೇಳುತ್ತಿದ್ದರು. "ಏನೋ ತಪ್ಪು ನಡೆದದ ಈಕಿ ಕೈಲಿ. ತಂಗಿನ್ನ ಹೆಂಗ ಬಿಟ್ಟಾಳ ನೋಡು ತಾಯಿ" ಎಂದು ಯಾರೋ ಅಂದದ್ದು ಕೇಳಿ ನಾನು ಒಳಗೊಳಗೇ ಕ್ಷಮೆ ಬೇಡುತ್ತಿದ್ದೆ. ಯಾವ ತಪ್ಪಿಗೆ ಎಂದು ಗೊತ್ತಿಲ್ಲದೆ ಬೇಡುವುದಿದೆಯಲ್ಲ, ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ನನ್ನಪ್ಪ ಜನ್ಮದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಅವತ್ತು ಬೆಳಗ್ಗೆ ನನ್ನ ತುಟಿ ನೀಲಿಗಟ್ಟಿದ್ದು ನೋಡಿ, ಬೇವಿನ ತೊಪ್ಪಲು ಕಿತ್ತೆಸೆದು ನನ್ನನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡ. "ತಾಯಿ ಸಿಟ್ಟಾದ್ರ ನನ್ನ ಮ್ಯಾಲ ಆಗಲಿ. ನಾ ನನ್ನ ಮಗಳನ್ನ ರಾಯಚೂರಿಗಿ ಒಯ್ತೀನಿ" ಎಂದ. ಯಾರೋ ಪರಿಚಯದವರ ಲಾರಿ ಸಿಕ್ಕಿತು, ಅವ್ವನೂ ಹತ್ತಿದಳು. ದಾರಿಯುದ್ದಕ್ಕೂ ಅಪ್ಪನ ಎದೆಬಡಿತ ನನ್ನ ಕಿವಿಗೆ ಕೇಳಿಸುತ್ತಿತ್ತು.

ದೊಡ್ಡ ದವಾಖಾನೆಯ ವರಾಂಡದಲ್ಲಿ ನಮ್ಮನ್ನು ಇಳಿಸಿದಾಗ ಬೆಂಚಿನ ಮೇಲಿದ್ದವರೆಲ್ಲ ಸೆರಗು ಮೂಗಿಗೆ ಹಿಡಿದು ಎದ್ದುಹೋದರು. ಖಾಲಿ ಬೆಂಚಿನ ಮೇಲೆ ನಾನೊಬ್ಬಳೇ. ಆಗ ಬಂದವಳು ಅಲ್ಲಿನ ಆಯಾ. ಎಲ್ಲರೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. "ನನಗ ಸಣ್ಣಾಕಿದ್ದಾಗನ ಬಂದು ಹೋಗ್ಯದ ಬೇಟಿ, ನನಗೇನು ಡರ್? ರೋನಾ ನಕ್ಕೋ, ಅಳಬ್ಯಾಡ. ಡಾಕ್ಟರಮ್ಮ ಬರಾಕತ್ತಾರ" ಎಂದಳು. ಆ ರೋಗದಲ್ಲಿ ನನ್ನನ್ನು ಅಂಜದೆ ಮುಟ್ಟಿದ ಹೊರಗಿನವಳು ಆಕೆಯೊಬ್ಬಳೇ. ಆ ತೊಡೆಯ ಬಿಸಿ ನಾನು ಸಾಯುವ ತನಕ ಮರೆಯುವುದಿಲ್ಲ.

ಅಷ್ಟರಲ್ಲಿ ಸುದ್ದಿ ಮುಟ್ಟಿ ಮಾನ್ವಿಯಿಂದ ಮಾಮನೂ ಬಂದಿದ್ದ. ನಮ್ಮ ಪೈಕಿ ದವಾಖಾನೆಯವರ ಜೊತೆ ಮಾತಾಡಬಲ್ಲವನು ಅವನೇ. ಅವನನ್ನು ನೋಡಿ ನನಗೆ ಧೈರ್ಯ ಬಂತು, ಇನ್ನು ಎಲ್ಲ ಮಾಮ ನೋಡಿಕೊಳ್ಳುತ್ತಾನೆ ಎಂದು. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ದಪ್ಪ ಕನ್ನಡಕ. ಮೂಗುಬಾಯಿಗೆ ಮುಸುಕು ಹಾಕಿಕೊಂಡು ಬಂದು ನನ್ನ ಎದೆ ಕೇಳಿ, ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದರು.

"ಈಕಿಗೆ ಮೊದಲ ಏನರ ರೋಗ ಇತ್ತೇನು? ಯಾವುದರ ಔಷಧ ತಗೊಳ್ಳಾಕತ್ತಿದ್ಳೇನು?"

"ಇಲ್ರೀ ಮೇಡಮ್ಮರ" ಎಂದ ಮಾಮ ಮುಂದೆ ಬಂದು. "ಆರೋಗ್ಯದ ಹುಡುಗಿ."

ನನಗೆ ತಪ್ಪು ಕೇಳಿಸಿತೇನೋ ಎನಿಸಿತು. ಡಾಕ್ಟರಮ್ಮ ನನ್ನ ಮುಖ ನೋಡಿದರು, ತೋಳು ಎತ್ತಿ ನೋಡಿದರು, ಮತ್ತೆ ಕೇಳಿದರು. "ಸರಿಯಾಗಿ ಹೇಳ್ರಿ. ದಮ್ಮು, ಕೀಲುನೋವು, ಏನೂ ಇದ್ದಿಲ್ಲ? ಗುಳಿಗಿ, ಪುಡಿ, ನಾಟಿ ಔಷಧ, ಏನೂ ಇಲ್ಲ?" ಈ ಸಲ ಅವ್ವನ ಕಡೆ ತಿರುಗಿದ್ದರು.

ಅವ್ವ ಬಾಯಿ ತೆರೆದಳು. ತಮ್ಮನ ಮುಖ ನೋಡಿದಳು. ಅವನು ಕಣ್ಣಲ್ಲೇ ಏನೋ ಹೇಳಿದ. ಅವ್ವ ತೆರೆದ ಬಾಯಿ ಮುಚ್ಚಿ, "ಏನೂ ಇಲ್ರೀ ಯವ್ವಾ" ಎಂದು ತಲೆ ತಗ್ಗಿಸಿದಳು.

ಉಸಿರಿಲ್ಲದೆ ಸಾಯುವುದು ಏನೆಂದು ನನಗೆ ಗೊತ್ತಾದದ್ದು ಗುಳ್ಳೆಗಳಿಂದಲ್ಲ, ಆ ಗಳಿಗೆಯಲ್ಲಿ. ನನ್ನ ಹೆತ್ತವಳು, ನನ್ನ ಮಾಮ, ಇಬ್ಬರೂ ನನ್ನ ಎರಡು ಬದಿಗೆ ನಿಂತು ನನ್ನ ಬಗ್ಗೆಯೇ ಸುಳ್ಳು ಹೇಳುತ್ತಿದ್ದರು. ಅಪ್ಪ ಹೊರಗೆ ಕೇಸ್ ಪೇಪರಿಗೆ ನಿಂತಿದ್ದ. ನಾನೇ ಡಾಕ್ಟರಮ್ಮನ ಕೋಟು ಜಗ್ಗಿ ಹಿಡಿದೆ. ಗಂಟಲಿನಿಂದ ಒಂದೇ ಶಬ್ದ ಹೊರಟಿತು. "ಪುಡಿ."

"ಯಾವ ಪುಡಿ?"

"ಮಾಮಾನ... ದಮ್ಮಿನ ಪುಡಿ."

ಮಾಮ ನಕ್ಕ. ಹೌದು, ನಕ್ಕ. "ಜ್ವರದಾಗ ಏನೇನರ ಬಡಬಡಸ್ತಾಳ್ರೀ. ಅದು ಆಡುಸೋಗಿ, ಹಿಪ್ಪಲಿ. ಮನಿ ಔಷಧ."

ಡಾಕ್ಟರಮ್ಮ ನನ್ನ ಕಡೆ ಬಗ್ಗಿದರು. ನನ್ನ ಸೀರೆಯ ನೆರಿಗೆ ಸ್ವಲ್ಪ ಸಡಿಲಿಸಿ ಹೊಟ್ಟೆ ನೋಡಿದರು. ನಾನು ಯಾರಿಗೂ ತೋರಿಸದೆ ಮುಚ್ಚಿಕೊಂಡಿದ್ದ ನೇರಳೆ ಗೆರೆಗಳು. "ಆಡುಸೋಗಿ ತಿಂದ್ರ ಹೊಟ್ಟಿ ಮ್ಯಾಲ ಹಿಂಗ ಗೆರಿ ಬೀಳಂಗಿಲ್ಲಪ್ಪ. ಮುಖ ಹಿಂಗ ಉಬ್ಬಂಗಿಲ್ಲ" ಎಂದರು. ಆಮೇಲೆ ದನಿ ಏರಿಸಿ, "ಸ್ಟೀರಾಯ್ಡ್ ಗುಳಿಗಿ ಅರೆದು ಹಾಕಿರಿ ಹೌದಲ್ಲ? ಯಾವಾಗ ನಿಲ್ಲಿಸಿದ್ರಿ?"

ಮಾಮ ನೆಲ ನೋಡಿದ. "ತಾಯಿ ಬಂದ ದಿನಾನ ನಿಲ್ಲಿಸೀವ್ರೀ" ಎಂದು ಅವ್ವನೇ ಹೇಳಿದಳು, ಅಳುತ್ತ.

ನರ್ಸು ಓಡಿದಳು. ಮೂಗಿಗೆ ಆಮ್ಲಜನಕ, ಕೈಗೆ ಸಲೈನು, ಸೂಜಿಯ ಮೇಲೆ ಸೂಜಿ. ಆ ಸೂಜಿಯಲ್ಲಿದ್ದದ್ದೂ ಅದೇ ಸ್ಟೀರಾಯ್ಡ್ ಎಂದು ಡಾಕ್ಟರಮ್ಮ ಆಮೇಲೆ ನನಗೆ ತಿಳಿಸಿ ಹೇಳಿದರು. ಎಲ್ಲರ ಮೈಯೂ ಅಂಥದ್ದನ್ನು ಒಂದಿಷ್ಟು ತಾನೇ ಮಾಡಿಕೊಳ್ಳುತ್ತದಂತೆ. ವರ್ಷಗಟ್ಟಲೆ ಹೊರಗಿನಿಂದ ಸಿಕ್ಕಿದ್ದಕ್ಕೆ ನನ್ನ ಮೈ ಅದನ್ನು ಮಾಡಿಕೊಳ್ಳುವುದನ್ನೇ ಮರೆತಿತ್ತು. ಒಮ್ಮೆಲೇ ಕಸಿದುಕೊಂಡಾಗ ಕುಸಿದುಬಿತ್ತು. "ಕೊಡದಿದ್ರ ಸಾಯ್ತಿದ್ದಿ, ಕೊಟ್ರೂ ಅಪಾಯ ಇತ್ತವ್ವ" ಎಂದರು.

ಬದುಕುತ್ತೇನೋ ಇಲ್ಲವೋ ತಿಳಿಯದ ಆ ದಿನಗಳಲ್ಲಿ ನನಗಿದ್ದದ್ದು ಒಂದೇ ಪ್ರಶ್ನೆ. ಮಾತು ಬಂದ ದಿನವೇ ಕೇಳಿದೆ. "ನನ್ನ ತಂಗಿಗಿ ಏನೂ ಆಗ್ಲಿಲ್ರೀ. ನಾ ಏನು ಪಾಪ ಮಾಡಿದ್ದೆ?"

ಡಾಕ್ಟರಮ್ಮ ಸ್ಟೂಲು ಎಳೆದು ಕೂತರು. "ಪಾಪ ಅಲ್ಲ. ಮೈಯಾಗ ಕಾವಲುಗಾರರು ಇರ್ತಾರ. ನಿನ್ನ ತಂಗಿ ಮೈಯಾಗಿನವರು ಎಚ್ಚರ ಇದ್ರು, ಬಂದದ್ದನ್ನ ಬಡಿದು ಕಳಿಸಿದ್ರು. ನಿನ್ನ ಕಾವಲುಗಾರರನ್ನ ಆ ಪುಡಿ ಕಟ್ಟಿಹಾಕಿತ್ತು. ಸಣ್ಣ ಮಕ್ಕಳಿಗಿಂತ ದೊಡ್ಡವರಿಗೆ ಇದು ಜಾಸ್ತಿ ಕಾಡ್ತದ, ಅದೂ ಒಂದು. ರೋಗ ಒಂದೇ, ಮೈ ಬ್ಯಾರೆ."

ನಾನು ಗೋಡೆಯ ಕಡೆ ತಿರುಗಿ ಅತ್ತೆ. ಪಾಪ ಮಾಡಿಲ್ಲ ಎಂಬ ಸಮಾಧಾನಕ್ಕೂ ಅತ್ತೆ. ಆದರೆ ಹೆಚ್ಚು ಅತ್ತದ್ದು ಬೇರೆಯದಕ್ಕೆ. ಒಮ್ಮೆಲೇ ಬಿಟ್ಟರೆ ಜೀವಕ್ಕೆ ಅಪಾಯ ಎಂದು ಹಿಂದೊಮ್ಮೆ ಬಸ್ಸು ಹತ್ತಿ ಬಂದು ಬೈದವನಿಗೆ, ಬೇವಿನ ತೊಪ್ಪಲಿನ ಆಚೆ ನಿಂತಾಗ ಅದು ಗೊತ್ತಿರಲಿಲ್ಲವೇ? ಬೇರಿನ ಪುಡಿಯಾಗಿದ್ದರೆ ಬಿಡಬಾರದೆಂಬ ಕಟ್ಟಪ್ಪಣೆ ಯಾಕೆ? ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯುವಾಗ ನಾನು ಬೇಲಿಗೆ ಕೈಮುಗಿಯುತ್ತಿದ್ದೆ.

ಮಾಮ ಆಮೇಲೆ ವಾರ್ಡಿನ ಕಡೆ ಸುಳಿಯಲಿಲ್ಲ. ಅವ್ವ ಮಾತ್ರ ಹಗಲೆಲ್ಲ ಹಾಸಿಗೆಯ ಪಕ್ಕ ಕೂತು ಬೀಸಣಿಗೆ ಬೀಸುತ್ತಿದ್ದಳು. ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ.

"ಯವ್ವಾ, ಪುಡಿ ವಿಷಯ ನಿನಗ ಗೊತ್ತಿತ್ತಲ್ಲ. ಯಾಕ ಇಲ್ಲ ಅಂದಿ?"

ಬೀಸಣಿಗೆ ನಿಂತಿತು. "ಅದರಾಗ ಏನಿತ್ತಂತ ನನಗ ಗೊತ್ತಿರಲಿಲ್ಲವ್ವ, ನಿನ್ನಾಣಿ."

"ಪುಡಿ ತಿಂತಾಳ ಅಂತರ ಹೇಳಬೇಕಿತ್ತಲ್ಲ."

"ಅವ ಬ್ಯಾಡ ಅಂತ ಕಣ್ಣು ಮಾಡಿದ. ಪೊಲೀಸರು ಗಿಲೀಸರು ಬಂದ್ರ? ನಮ್ಮ ಕೇರಿಗೆಲ್ಲ ಇದ್ದವ ಅವನೊಬ್ಬನ, ಹುಲಿಗಿ."

"ನಿನಗ ನಾನೂ ಒಬ್ಬಾಕೀನ ಅಲ್ಲೇನು?"

ಅವ್ವ ಮತ್ತೆ ಬೀಸಣಿಗೆ ಬೀಸತೊಡಗಿದಳು. ಅವಳನ್ನು ನಾನು ಕ್ಷಮಿಸಿದ್ದೇನೆ ಎಂದು ಜನರೆದುರು ಹೇಳುತ್ತೇನೆ. ಒಳಗೆ ಕ್ಷಮಿಸಿಲ್ಲ. ಅವಳ ಕೊನೆಗಾಲದಲ್ಲಿ ನಾನೇ ಉಣಿಸಿದೆ, ನಾನೇ ಮೀಸಿದೆ, ಆಗಲೂ ಆ ಮುಚ್ಚಿದ ಬಾಯಿ ನನ್ನ ಕಣ್ಣೆದುರು ಇತ್ತು.

ಊರಿಗೆ ಮರಳಿದಾಗ ಇನ್ನೊಂದು ಕಾದಿತ್ತು. ಮಾಮನೇ ಸುದ್ದಿ ಹಬ್ಬಿಸಿದ್ದ. "ರಾಯಚೂರಿನ ಡಾಕ್ಟರ್ ಸೈತ ಕೊನಿಗೆ ಕೊಟ್ಟದ್ದು ನನ್ನ ಔಷಧನ. ಅದಕ್ಕ ಹುಡುಗಿ ಉಳೀತು" ಎಂದು! ಸೂಜಿಯಲ್ಲಿದ್ದದ್ದೂ ಅದೇ ಅಲ್ಲವೇ, ಸುಳ್ಳೆಂದು ಹೇಗೆ ಹೇಳಲಿ? ಅವನ ಅಂಗಡಿಯ ಮುಂದೆ ಮೊದಲಿಗಿಂತ ಹೆಚ್ಚು ಜನ. ನಾನು ನಿಜ ಹೇಳಹೋದರೆ ಕೇರಿಯವರೇ ನನ್ನ ಬಾಯಿ ಮುಚ್ಚಿಸಿದರು. ನಾಲ್ಕು ಅಕ್ಷರ ಕಲಿತು ನಮ್ಮವನ ಕಾಲು ಎಳೆಯುತ್ತಾಳೆ ಎಂದರು. ಅತ್ತ ಡಾಕ್ಟರಮ್ಮ ಅದೇ ಔಷಧದ ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದರು. ಇಳಿದಂತೆಲ್ಲ ಹಳೆಯ ದಮ್ಮು ಮರಳಿ ಬಂತು. ಗೋಡೆಗೊರಗಿ ಕೂತು ನಿದ್ದೆ ಮಾಡುವುದನ್ನು ಮತ್ತೆ ಕಲಿತೆ. ತರಬೇತಿ ಮುಗಿಸಿದೆ, ನೌಕರಿ ಹಿಡಿದೆ. ಇವತ್ತಿಗೂ ದಮ್ಮು ನನ್ನ ಜೊತೆ ಇದೆ, ಆದರೆ ಅದಕ್ಕೆ ನಾನು ತಿನ್ನುವುದು ಏನೆಂದು ನನಗೆ ಗೊತ್ತು. ಯಾರು ಕೊಟ್ಟರು ಎಂದು ನೋಡಿ ನಂಬಬೇಡಿ, ಏನು ಕೊಟ್ಟರು ಎಂದು ಕೇಳಿ. ದವಾಖಾನೆಯಲ್ಲಿ ಕೇಳಿದರೆ ನಾಚದೆ, ಮರೆಮಾಚದೆ ಎಲ್ಲ ಹೇಳಿ. ನನಗೆ ಹೇಳಲು ಬರುವುದು ಇಷ್ಟೇ.

ಅದಕ್ಕೆಲ್ಲ ಮೊದಲು, ನಡೆಯುವ ಶಕ್ತಿ ಬಂದ ಮೇಲೆ ಒಂದು ದಿನ ಯಾರಿಗೂ ಹೇಳದೆ ಮಾನ್ವಿಯ ಬಸ್ಸು ಹತ್ತಿದೆ. ಮಾಮನ ಅಂಗಡಿಯ ಬೆಂಚಿನ ಮೇಲೆ ಜನ ತುಂಬಿದ್ದರು. ನನ್ನನ್ನು ನೋಡಿ ಮಾಮ ಒಳಕೋಣೆಗೆ ಕರೆದ, ಚಹಾ ತರಿಸಲೇ ಎಂದ. ನನ್ನ ಮುಖದ ಕಲೆಗಳನ್ನು ನೋಡಲಾರದೆ ಗೋಡೆ ನೋಡುತ್ತಿದ್ದ.

"ಮೊದಲ ಯಾಕ ಕೊಟ್ಟಿ ಅಂತ ಕೇಳಂಗಿಲ್ಲ ಮಾಮಾ" ಎಂದೆ. "ನನ್ನ ದಮ್ಮು ನೋಡಲಾರದ ಕೊಟ್ಟಿರ್ತಿ. ಜನರ ಅಂಜಿಕಿಗೆ ಬಾಗಿಲಾಗ ನಿಂತು ಪುಡಿ ಬ್ಯಾಡ ಅಂದಿ, ಅದನ್ನೂ ಕೇಳಂಗಿಲ್ಲ. ದವಾಖಾನ್ಯಾಗ ಡಾಕ್ಟರಮ್ಮ ನಿನ್ನ ಮುಂದನ ಕೇಳಿದ್ರಲ್ಲ. ಒಂದು ಮಾತು. ಯಾಕ ಹೇಳ್ಲಿಲ್ಲ?"

ಮಾಮ ಒಳಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ. ಅವನು ನನಗೆ ಹೇಳಿದ ಮೊದಲ ನಿಜ ಬಹುಶಃ ಅದೇ.

"ನೀ ಉಳೀತಿ ಅಂತ ನನಗ ಅನಿಸಿರಲಿಲ್ಲವ್ವ ಹುಲಿಗಿ. ಹೆಂಗೂ ಹೋಗಾಕಿ ಹೋಗ್ತಾಳ, ಇದ್ದವರಿಗರ ನಾ ಬೇಕಲ್ಲ ಅಂದ್ಕೊಂಡೆ."

ನಾನು ಉಸಿರಿಗಾಗಿ ಅವನ ಮುಖ ನೋಡುತ್ತಿದ್ದಾಗ ಅವನು ನನ್ನನ್ನು ಮಣ್ಣು ಮಾಡಿ ಮುಗಿಸಿದ್ದ. ಎದ್ದು ಹೊರಗೆ ಬಂದೆ. ಬೆಂಚಿನ ತುದಿಯಲ್ಲಿ ಕೂತಿದ್ದ ಹೆಂಗಸು ಸೆರಗು ಸರಿಪಡಿಸಿಕೊಳ್ಳುತ್ತ, "ಡಾಕ್ಟರ್ ಒಳಗ ಅದಾರೇನ್ರೀ ಅಕ್ಕಾರ?" ಎಂದು ಕೇಳಿದಳು.

"ಅದಾರ" ಎಂದೆ, ಒಳಗಿದ್ದವನಿಗೂ ಕೇಳಲಿ ಎಂದು ದನಿಯೆತ್ತಿ. "ಪುಡಿ ಕೊಟ್ರ ಅದರಾಗ ಏನದ ಅಂತ ಕೇಳ್ರಿ. ನಾ ಸತ್ತಿಲ್ಲ, ಅದಕ್ಕ ಹೇಳಾಕತ್ತೀನಿ."